ಎರಡನೆಯ ಸಾಕೆಟ್ಟು

ಹವಲ್ಲಿಯ ನೆಲಮಾಳಿಗೆಯ ಅಂಗಡಿಯಲ್ಲಿ
ಅಬು ಸಮೀರ್ ಎರಡು ಪ್ರೊಸೆಸರುಗಳನ್ನು
ಖರ್ಜೂರದ ಡಬ್ಬಿಯಿಂದ ತೆಗೆದು ನನ್ನ ಅಂಗೈಗಿಟ್ಟ.
"ಸೇಮ್ ಸೇಮ್, ಸದೀಕ್. ಮಾಫಿ ಮುಶ್ಕಿಲ್."
ಯಾವುದೋ ಬ್ಯಾಂಕು ಹರಾಜಿಗೆ ಹಾಕಿದ ಸರ್ವರಿನ ಬೋರ್ಡು,
ಎರಡು ಸಾಕೆಟ್ಟು, ಹದಿನಾರು ಮೆಮೊರಿ ಸಂದು.
ಇಪ್ಪತ್ತೆರಡು ದಿನಾರಿನಲ್ಲಿ ಒಂದು ಫಿಲ್ಸೂ ಇಳಿಸಲಿಲ್ಲ.
ಡಬ್ಬಿ ಮಾತ್ರ ಪುಕ್ಕಟೆ.

"ಎರಡು ಎಂಥಕ್ಕೆ ಮಾರಾಯ? ಒಂದು ಸಾಲದಾ?"
ಡೊಲ್ಫಿ ಕೇಳಿದ, ಮಂಚದಿಂದ ತಲೆ ಎತ್ತದೆ.
ಹಗಲೆಲ್ಲ ಕಂಡವರ ಲಿಫ್ಟು ರಿಪೇರಿ ಮಾಡುವವನಿಗೆ
ರಾತ್ರಿ ತನ್ನದೇ ಒಂದು ಯಂತ್ರ ಬೇಕೆನಿಸಿದರೆ
ಅದಕ್ಕೆ ಉತ್ತರ ಎಲ್ಲಿಂದ ತರಲಿ?

ಮೊದಲು ಪೆಟ್ಟಿಗೆ ಒಪ್ಪಲಿಲ್ಲ.
ಬೋರ್ಡಿಗೆ ಒಂಬತ್ತು ತೂತು, ಪೆಟ್ಟಿಗೆಗೆ ಒಂಬತ್ತು ಕಾಲು,
ಒಂದಕ್ಕೊಂದು ಎದುರಾದದ್ದು ನಾಲ್ಕೇ.
ಉಳಿದ ಐದಕ್ಕೆ ಕಂಪನಿಯ ಡ್ರಿಲ್ಲು ಕದ್ದು ತಂದೆ.
ಪವರ್ ಸಪ್ಲೈಗೆ ಎಂಟು ಪಿನ್ನಿನ ಬಾಲ ಒಂದೇ,
ಬೋರ್ಡಿಗೆ ಬೇಕು ಎರಡು.
ಕೂಲರಿನ ತಿರುಪುಗಳು ಚೌಕದ ಲೆಕ್ಕ,
ಸಾಕೆಟ್ಟಿನದು ನೀಳದ ಲೆಕ್ಕ;
ಉಗುರಗಲದ ಆ ದೂರ ದಾಟಲು
ಮೂರು ಶುಕ್ರವಾರ ಹೋದವು.

ಮೆಮೊರಿಯಲ್ಲೂ ಜಾತಿ ಉಂಟೆಂದು ಆಗ ತಿಳಿಯಿತು.
ರಿಜಿಸ್ಟರ್ ಆದದ್ದನ್ನೂ ಆಗದ್ದನ್ನೂ
ಒಂದೇ ಪಂಕ್ತಿಯಲ್ಲಿ ಕೂರಿಸಿದೆ.
ಇಡೀ ಬೋರ್ಡು ಎಲೆ ಬಿಟ್ಟು ಎದ್ದಿತು.

ಎಲ್ಲ ಸರಿಯಾದ ಮೇಲೆ ಒಂದು ಬೀಪು.
ಪರದೆಯಲ್ಲಿ: ಪ್ರೊಸೆಸರ್, ಒಂದು.
ಭೂತಗನ್ನಡಿ ಹಿಡಿದು ಬೆನ್ನಿನ ಸಣ್ಣಕ್ಷರ ಓದಿದೆ.
ಹೆಸರು ಒಂದೇ, ಸಂಖ್ಯೆ ಒಂದೇ,
ಕೊನೆಯಲ್ಲಿ ಒಬ್ಬನದು ಸಿ-ಒನ್, ಮತ್ತೊಬ್ಬನದು ಸಿ-ಟೂ.
ಹೊತ್ತುಕೊಂಡು ಹೋದೆ.
ಅಬು ಸಮೀರ್ ಕೈ ಅಗಲಿಸಿ ತೋರಿಸಿದ:
"ಐದು ಬೆರಳೂ ಒಂದೇ ಸಮ ಇದೆಯಾ, ಸದೀಕ್?"
ಆದರೂ ಬದಲಿಸಿ ಕೊಟ್ಟ, ಚಹಾ ಕುಡಿಸಿ,
ಒಂದೂವರೆ ದಿನಾರು ಹೆಚ್ಚಿಗೆ ತೆಗೆದುಕೊಂಡು.

ಆಗಲೂ ಒಂದೇ.
ಎರಡನೆಯ ಸಾಕೆಟ್ಟಿಗೆ ಟಾರ್ಚು ಬಿಟ್ಟರೆ
ಎರಡು ಸಾವಿರದ ಹನ್ನೊಂದು ಪಿನ್ನುಗಳ ಗದ್ದೆಯಲ್ಲಿ
ಒಂದು ಪೈರು ಮಲಗಿದೆ.
ಕೆಳಗಿನ ದರ್ಜಿ ಇನಾಯತುಲ್ಲಾ ಸೂಜಿ ಕೊಟ್ಟ,
"ಯಾರ ಬಟ್ಟೆ?" ಎಂದ.
ಡೊಲ್ಫಿ ಟಾರ್ಚು ಹಿಡಿದ. ಇಬ್ಬರೂ ಉಸಿರಾಡಲಿಲ್ಲ.
ಪ್ರೊಸೆಸರ್, ಎರಡು.
ಅವನು ಸಿಳ್ಳೆ ಹಾಕಿದ್ದಕ್ಕೆ ಪಕ್ಕದ ಗೋಡೆಯಿಂದ
ಮೂರು ಗುದ್ದು ಬಿತ್ತು.

ಸಮಸ್ಯೆ ಆಮೇಲಿನದು.
ಡೊಲ್ಫಿಗೆ ರೊಟ್ಟಿ ಫ್ಯಾಕ್ಟರಿ, ರಾತ್ರಿ ಎರಡೂವರೆಗೆ ಬಸ್ಸು,
ಎಂಟಕ್ಕೇ ಮಲಗಬೇಕು.
ಎಂಟಕ್ಕೆ ನನ್ನ ಫ್ಯಾನುಗಳು ರನ್‌ವೇ ಹತ್ತುತ್ತವೆ.
ಅವನು ದಿಂಬನ್ನು ಕಿವಿಗೆ ಕಟ್ಟಿಕೊಂಡ, ಏನೂ ಹೇಳಲಿಲ್ಲ.
ಆಗಸ್ಟಿನ ಒಂದು ರಾತ್ರಿ
ಏಸಿಯೂ ಅದೂ ಒಟ್ಟಿಗೆ ಎಳೆದು
ಎಂಟನೆಯ ಮಹಡಿಯ ಕರೆಂಟೇ ಹೋಯಿತು.
ಕತ್ತಲೆಯ ಕಾರಿಡಾರಿನಲ್ಲಿ ಬನಿಯನ್ನುಗಳು, ಬೈಗುಳ ಐದು ಭಾಷೆಯಲ್ಲಿ,
ಹಾರಿಸ್ ಫತ್ಹಿಯ ಟಾರ್ಚು ನೇರ ನನ್ನ ಮುಖಕ್ಕೆ.
"ಲಿಫ್ಟಿನವನೇ," ಎಂದ, ಅಷ್ಟೇ.

ಎರಡನೆಯದನ್ನು ಬಿಚ್ಚಿ ಖರ್ಜೂರದ ಡಬ್ಬಿಗೆ ಹಾಕಿದೆ.
ಅದು ಹೋದರೆ ಅದರ ಮಗ್ಗುಲಿನ
ಎಂಟು ಮೆಮೊರಿ ಸಂದುಗಳೂ ಕುರುಡಂತೆ.
ಕೈಪಿಡಿಯ ನಲವತ್ತೇಳನೇ ಪುಟದಲ್ಲಿ ಬರೆದಿತ್ತು.
ನಾನು ಓದಿರಲಿಲ್ಲ.

ಜನವರಿಯಲ್ಲಿ ರೊಟ್ಟಿ ಫ್ಯಾಕ್ಟರಿ ಜಹ್ರಾಕ್ಕೆ ಹೋಯಿತು,
ಜೊತೆಗೆ ಡೊಲ್ಫಿ, ಅವನ ಇಕ್ಕಳ, ಅವನ ದಿಂಬು.
ಮೊನ್ನೆ ಫೋನು ಮಾಡಿದ್ದ:
"ಈಗ ಹಾಕು ಮಾರಾಯ ಎರಡನೆಯದ್ದು.
ಚಳಿ ಉಂಟು, ಏಸಿ ಬೇಡ. ನಿದ್ದೆ ಕೆಡುವುದು ಯಾರದ್ದು?"
ನೋಡುವ ಎಂದೆ.

ಪ್ರತಿ ರಾತ್ರಿ ಚಾಲೂ ಮಾಡಿದಾಗ
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ:
ಎರಡನೆಯದು ಸಿಗುತ್ತಿಲ್ಲ. ಮುಂದುವರಿಯಲು ಎಫ್-ಒನ್ ಒತ್ತಿ.
ಈ ಸಾಲು ಬಾರದಂತೆ ಮಾಡಲು ಒಂದು ಸೆಟ್ಟಿಂಗು ಉಂಟು.
ಎಲ್ಲಿದೆ ಎಂದೂ ಗೊತ್ತು.

ಒತ್ತುತ್ತೇನೆ.