ಎರಡೆಳೆ ಕೆಂಪು

ರಾತ್ರಿ ಮೂರಕ್ಕೆ ಕೆಮ್ಮು.
ಕೆಮ್ಮಲ್ಲ, ನೀರೇರದ ಪಂಪಿನ ಹಾಗೆ
ಘಕ್ ಘಕ್ ಎಂದು ಹೊಟ್ಟೆ ಎಳೆದು, ಕತ್ತು ನೀಡಿ
ನನ್ನ ಚಪ್ಪಲಿಯ ಮೇಲೇ ಇಳಿಸಿತು ಬೊಳ್ಳಿ
ಬೆರಳುದ್ದದ ಒದ್ದೆ ಉಂಡೆ.

ಕಂಕನಾಡಿಯಲ್ಲಿ ಮೂವತ್ತು ವರ್ಷ ಕತ್ತರಿ ಹಿಡಿದವನು,
ಕೂದಲಿಗೆ ಹೇಸುವುದಿಲ್ಲ.
ಟಾರ್ಚು ಹಿಡಿದು ಕಡ್ಡಿಯಲ್ಲಿ ಬಿಡಿಸಿದೆ:
ಬಿಳಿ, ಬಿಳಿ, ಬಿಳಿ,
ನಡುವೆ ಎರಡೆಳೆ ಕೆಂಪು.

ಮದರಂಗಿ.
ಹಸನಬ್ಬ ಬ್ಯಾರಿಯವರ ಗಡ್ಡ.
ಪ್ರತಿ ಗುರುವಾರ ಬಂದು, ಬೊಳ್ಳಿಯನ್ನು ಮಡಿಲಿಗೆಳೆದು
ಬೂತಾಯಿಯ ರೇಟಿಗೆ ಬೈಯುತ್ತಿದ್ದವರು.
ತೀರಿಕೊಂಡು ಹತ್ತೊಂಬತ್ತು ದಿನ.

ಗುಡಿಸಿದ್ದೆನಲ್ಲ ನಾನು, ಮೂಲೆ ಮೂಲೆ.

"ನೆಕ್ಕಿದ್ದೆಲ್ಲ ಒಳಗೆ ಹೋಗ್ತದೆ ಮಾರಾಯ್ರೆ"
ಎಂದರು ಪಶು ಆಸ್ಪತ್ರೆಯ ಡಾಕ್ಟ್ರು ಪ್ರೆಸಿಲ್ಲಾ.
"ದಿನಾ ಬಾಚಿ. ನೀರು ಕುಡಿಸಿ.
ತಿನ್ನುವುದು ಬಿಟ್ಟು ಬರೀ ಓಕರಿಸಿದರೆ
ಕಾಯ್ಬೇಡಿ, ಕೂಡಲೇ ತನ್ನಿ.
ಸಣ್ಣ ಹಲ್ಲಿನ ಬಾಚಣಿಗೆ ಉಂಟಾ?"
ಕೇಳುವುದು ಯಾರ ಹತ್ತಿರ!

ಈಗ ಶಟರ್ ಅರ್ಧ ಇಳಿದ ಮೇಲೆ
ಕೊನೆಯ ಗಿರಾಕಿ ಬೊಳ್ಳಿ.
ಕುರ್ಚಿ ಹತ್ತುತ್ತದೆ, ಕನ್ನಡಿ ಮಾತ್ರ ನೋಡುವುದಿಲ್ಲ.
ಕುತ್ತಿಗೆಯಿಂದ ಬಾಲದವರೆಗೆ ಸುಮ್ಮನಿದ್ದು
ಹೊಟ್ಟೆಗೆ ಬಂದರೆ ಪರಚುತ್ತದೆ.
ಗೆರಟೆಯಲ್ಲಿ ಗೋಧಿ ಹುಲ್ಲು ಬೆಳೆಸಿಟ್ಟರೆ
ಅದನ್ನು ಬಿಟ್ಟು
ಪಕ್ಕದ ಫ್ಯಾನ್ಸಿಯವರ ಕುಂಡಕ್ಕೆ ಬಾಯಿ ಹಾಕುತ್ತದೆ.

ಬಾಚಿದ್ದು ಕಸದ ಡಬ್ಬಿಗೆ.
ಆ ಎರಡೆಳೆ ಮಾತ್ರ
ತೊಳೆದು, ಬ್ಲೇಡಿನ ಕಾಗದದಲ್ಲಿ ಮಡಚಿ
ಡ್ರಾಯರಿನಲ್ಲಿಟ್ಟದ್ದು ಅಲ್ಲೇ ಉಂಟು.
ಅವರ ಮಗ ಮೊನ್ನೆ ಶೇವಿಂಗಿಗೆ ಬಂದಿದ್ದ.
ಹೇಗೆ ಹೇಳುವುದು,
ಬೆಕ್ಕು ಕಕ್ಕಿದ್ದು ಎಂದು?