ಎತ್ತಿದ ಕೈ

ವಿರ್ವೆ, ಹೋದ ವರ್ಷ ನಿನ್ನನ್ನು ನೀರಿಂದ ಮೇಲೆತ್ತಿದವನು
ನಾನೇ.
ಎಲ್ಲರಿಗೂ ಗೊತ್ತಿರುವ ವಿಷಯ. ಒಟೆಪ್ಯಾ ಚಿಕ್ಕ ಊರು.
ಬ್ರೆಡ್ಡಿನಂಗಡಿಯ ಸಾಲಲ್ಲಿ ನೀನು ಮುಂದೆ, ನಾನು ಹಿಂದೆ,
ಹವೆಯ ಮಾತಾಡಿಕೊಂಡೇ
ಇಡೀ ಶರತ್ಕಾಲ ಕಳೆದೆವು.

ಮೂರನೇ ತೇಲುಗುಂಡಿನ ಹತ್ತಿರ ನೀನು ಕೈ ಎತ್ತಿದ್ದೆ.
ನನಗೆ ಹೇಳಿಕೊಟ್ಟದ್ದು ಇಷ್ಟೇ: ಕೈ ಎತ್ತಿದವರ ಬಳಿ ಹೋಗು.
ಹೋದೆ. ಏಳೆಂಟು ಸಲ ಹುಟ್ಟು ಹಾಕಿರಬೇಕು.
ಕಂಕುಳಿಗೆ ಕೈ ಕೊಟ್ಟು
ನೆನೆದ ಆಲೂಗಡ್ಡೆ ಮೂಟೆಯ ಹಾಗೆ ಒಳಗೆಳೆದುಕೊಂಡೆ.
ನೀನು ಏನೋ ಅಂದೆ. ಹಲ್ಲು ಕಟಕಟ ಅನ್ನುತ್ತಿತ್ತು,
ನಾನು ಕಿವಿಗೊಡಲಿಲ್ಲ, ಸೀಟಿ ಊದುತ್ತಿದ್ದೆ.
ದಡದಲ್ಲಿ ಚಪ್ಪಾಳೆ. ಅದು ನನಗೆ.
ಜೀವ ಉಳಿಸೋದರಲ್ಲಿ ಕಲ್ಮೆರ್ ಎತ್ತಿದ ಕೈ, ಅಂದರು ಯಾರೋ.
ನಿನಗೆ ಒಂದು ಬೆಳ್ಳಿ ಬಣ್ಣದ ಹೊದಿಕೆ,
ಮತ್ತು ಬಗ್ಗಿ ನಿನ್ನ ಕಾಲಿನ ಚಿಪ್ ಬಿಚ್ಚಿಕೊಂಡು ಹೋದ
ಒಬ್ಬ ಹುಡುಗ.

ಜನವರಿಯಲ್ಲಿ ತಾರ್ತುವಿನಿಂದ ನಿನ್ನ ಬಸ್ಸು ಹತ್ತಿದೆ.
ಹಿಮದ ರಾತ್ರಿ, ನಾನೊಬ್ಬನೇ ಪ್ರಯಾಣಿಕ.
ಡೀಸೆಲ್ಲಿನ ಜೊತೆ ಕ್ಲೋರಿನ್ ವಾಸನೆ.
ಈಜುಕೊಳಕ್ಕೆ ಹೋಗುತ್ತಿದ್ದೀ ಅಂತ ಹಾಗೆ ಗೊತ್ತಾಯಿತು.
ಕನ್ನಡಿಯಲ್ಲೇ ನನ್ನ ಕಣ್ಣು ಹಿಡಿದು ನಿಲ್ಲಿಸಿ,
ಗೇರು ಬದಲಿಸುವಷ್ಟೇ ಸಲೀಸಾಗಿ ಅಂದೆ ನೀನು:
"ಕಲ್ಮೆರ್, ಅವತ್ತು ನಾನು ಕೈ ಎತ್ತಿದ್ದು
ಈಜುಗನ್ನಡಕದ ನೀರು ಚೆಲ್ಲೋಕೆ."
ಆಮೇಲೆ ವೈಪರ್ ಮಾತ್ರ ಮಾತಾಡಿತು.
ನನ್ನ ನಿಲ್ದಾಣ ಬಂತು, ನಾನು ಇಳಿಯಲಿಲ್ಲ.
ವಾಲ್ಗಾವರೆಗೂ ಹೋಗಿ
ಅದೇ ಬಸ್ಸಲ್ಲಿ ವಾಪಸು ಬಂದೆ.
ನೀನು ಟಿಕೆಟ್ ಕೇಳಲಿಲ್ಲ.

ಇವತ್ತು ಮತ್ತೆ ಆಗಸ್ಟ್. ನೀರು ಹದಿನೇಳು ಡಿಗ್ರಿ.
ಅದೇ ದೋಣಿ, ಅದೇ ತೇಲುಗುಂಡು ನನ್ನ ಪಾಲಿಗೆ.
ಬೇಡ ಅನ್ನಬಹುದಿತ್ತು.
ಕಿತ್ತಳೆ ಟೋಪಿಗಳು
ಕುದಿವ ಸೂಪಿನ ಕ್ಯಾರೆಟ್ ಬಿಲ್ಲೆಗಳ ಹಾಗೆ ಕೊತಕೊತ ಬಂದವು,
ತೇಲುಗುಂಡು ಸುತ್ತಿ ಹೋದವು.
ಎಷ್ಟೋ ಹೊತ್ತಾದ ಮೇಲೆ ಕೊನೆಯದೊಂದು ಟೋಪಿ,
ಕಪ್ಪೆಯೀಜು, ಗಾಳಿಗೆ ಇಷ್ಟಗಲ ಬಾಯಿ.
ಸರಿಯಾಗಿ ಅದೇ ಜಾಗದಲ್ಲಿ
ನೀನು ನಿಂತೆ.
ಕೈ ಮೇಲೆದ್ದಿತು.

ನೀರಿಗಿಳಿದ ನನ್ನ ಹುಟ್ಟು
ಅಲ್ಲೇ ತಡೆಯಿತು.
"ಏನು?" ಅಂತ ಕೂಗಿದೆ,
ಹೋದ ವರ್ಷ ಕೇಳಬೇಕಿದ್ದ ಎರಡಕ್ಷರ.
ಉತ್ತರವಿಲ್ಲ. ನಮ್ಮಿಬ್ಬರ ನಡುವೆ
ಒಂದು ಮುಳುಗುಕೋಳಿ ಮುಳುಗಿತು,
ಅದು ಏಳುವವರೆಗೆ ನನಗೂ ಉಸಿರಿಲ್ಲ.
ಆಮೇಲೆ ನೀನು ಕೆಮ್ಮುತ್ತ ಬಂದು
ದೋಣಿಯಂಚು ಹಿಡಕೊಂಡೆ. ಹಿಡಿಯಬಹುದು, ನಿಯಮದಲ್ಲಿದೆ.
ಬಿಳುಚಿದ ಗೆಣ್ಣುಗಳು. ತೋಳಿನ ಮೇಲೆ
ಅಳಿಸಿಹೋಗುತ್ತಿರುವ ಇನ್ನೂರ ಹದಿನಾಲ್ಕು.
"ಈ ಸಲ ನಿಜವಾಗಿ ಹೆದರಿಕೆ ಆಯ್ತು," ಅಂದೆ.
ಸ್ವಲ್ಪ ಹೊತ್ತಿನ ಮೇಲೆ, ನೀರು ಉಗಿದು,
"ಹೋದ ಸಲವೂ ಆಗಿತ್ತು. ಕನ್ನಡಕದ ಮಾತು ಸುಳ್ಳು.
ಅರ್ಧ ಸುಳ್ಳು."

ನನ್ನ ಕೈಗಳನ್ನು ತೊಡೆಯಡಿಗೆ ಒತ್ತಿಕೊಂಡು ಕೂತೆ,
ಅವಕ್ಕೆ ಅಭ್ಯಾಸ ಕೆಟ್ಟಿದೆ.
ಇಪ್ಪತ್ತು ಎಣಿಸುವಷ್ಟು ಹೊತ್ತು.
ನೀನು ಬಿಟ್ಟೆ.
ನಿನ್ನ ಭಾರ ಕಳಕೊಂಡ ದೋಣಿ
ಒಂದು ಬೆರಳಿನಷ್ಟು ಮೇಲೆದ್ದಿತು.

ಸೈಕಲ್ಲಿನ ಇಪ್ಪತ್ತು ಕಿಲೋಮೀಟರು ನಾನು ಕಂಡದ್ದಲ್ಲ.
ನಿನ್ನದೇ ಬಸ್ಸಿನ ರಸ್ತೆ; ಪ್ರತಿ ನಿಲ್ದಾಣದಲ್ಲೂ
ಅಭ್ಯಾಸಬಲಕ್ಕೆ ಬ್ರೇಕು ಹಿಡಿದೆಯಂತೆ,
ಮಕ್ಕಳು ಹೇಳಿ ನಕ್ಕರು.
ಓಟದ ಹೊತ್ತಿಗೆ ನಾನು ದೋಣಿ ಕಟ್ಟಿ ಬಂದಿದ್ದೆ.
ಡೇರೆ ಬಿಚ್ಚುತ್ತಿದ್ದರು. ಬ್ಲೂಬೆರಿ ಸೂಪು ತಳ ಕಂಡಿತ್ತು.
ಸಮಯ ಅಳೆಯುವ ಚಾಪೆ ಸುರುಳಿ ಸುತ್ತಿ
ವ್ಯಾನಿಗೆ ಏರಿಸಿಯಾಗಿತ್ತು.
ನೀಲಗಿರಿಗಳಿಲ್ಲದ, ಬರೀ ಬರ್ಚ್ ಮರಗಳ ಆ ತಿರುವಿನಲ್ಲಿ
ನಡಿಗೆಯೂ ಅಲ್ಲದ ಓಟವೂ ಅಲ್ಲದ ಒಂದು ಕುಂಟು ಲಯ ಕಾಣಿಸಿತು.

ಹೋದ ವರ್ಷದ ಅದೇ ಹುಡುಗ
ಪೇಪರ್ ತಟ್ಟೆಯ ಹಿಂಬದಿಗೆ ನಿನ್ನ ಸಮಯ ಬರೆಯಲು
ಕೈಗಡಿಯಾರ ನೋಡುತ್ತ ಪೆನ್ನಿನ ಮುಚ್ಚಳ ಕಚ್ಚಿಕೊಂಡಿದ್ದ.
ಗೆರೆ ದಾಟುವಾಗ
ನೀನು ಕೈ ಎತ್ತಿದೆ.

ಬರಬೇಕೋ ಬೇಡವೋ ತಿಳಿಯದೆ
ನಾನು ಬೆಂಚಿನಿಂದ
ಅರ್ಧ ಎದ್ದು ನಿಂತಿದ್ದೆ.