ಆರು ಅಂಕಿಯ ಕಾಗದ

ಗಳಿಕೆ ಹತ್ತು ಡಾಲರ್ ದಾಟಿದ ಮೇಲೆ
ಅವರೊಂದು ಕಾಗದ ಕಳಿಸುತ್ತಾರೆ.
ಒಳಗೆ ಆರು ಅಂಕಿ.
ಅದನ್ನು ಒತ್ತಿದರೇ ನಾನು ನಾನೆಂದು ಖಾತ್ರಿ.
ಅಲ್ಲಿಯವರೆಗೆ ದುಡಿದದ್ದು ಕಣ್ಣಿಗೆ ಕಾಣುತ್ತದೆ,
ಕೈಗೆ ಬರುವುದಿಲ್ಲ.

ಮೊದಲನೇ ಕಾಗದ ಬರಲಿಲ್ಲ. ಎರಡನೆಯದೂ.
ನಮ್ಮ ವಿಳಾಸ ಅವರ ಚೌಕದಲ್ಲಿ ಹಿಡಿಸುವುದಿಲ್ಲ:
ಮಂಡಕ್ಕಿ ಭಟ್ಟಿ ಲೇಔಟ್, ಮೂರನೇ ಕ್ರಾಸ್,
ಹಳೇ ಟೈರ್ ರಾಶಿಯ ಎದುರು, ಹಸಿರು ಬಾಗಿಲು
ಎಂದು ಬರೆದರೆ
'ಹಳೇ ಟೈ' ಎಂಬಲ್ಲಿಗೆ ನಿಂತುಬಿಡುತ್ತದೆ.

ಅಂಚೆಯ ತಿಪ್ಪೇಶಪ್ಪ ಸೈಕಲ್ಲಿನಿಂದ ಒಂದು ಕಾಲೂರಿ
"ಫಾರಿನ್ನಿನೋರು ನಿನಗ್ಯಾಕಮ್ಮ ಕಾಗದ ಬರೀತಾರೆ?"
"ನಾನು ಬರೀತೀನಲ್ಲ, ಅದಕ್ಕೆ."
"ನೀನು ಕನ್ನಡದಾಗೆ ಬರೆದ್ರೆ ಅವರಿಗೆ ಓದಾಕ್ ಬರ್ತತಾ?"
ಈ ಪ್ರಶ್ನೆಗೆ ನನ್ನ ಹತ್ತಿರ
ಇವತ್ತಿಗೂ ಉತ್ತರವಿಲ್ಲ.

ಬರೆಯುವುದು ಮಧ್ಯಾಹ್ನ, ಭಟ್ಟಿ ಆರುವ ಹೊತ್ತು,
ತುಂಬಿದ ಚೀಲಕ್ಕೆ ಒರಗಿ, ಎಡ ಹೆಬ್ಬೆರಳಿಂದ.
ಬಲದ್ದು ಹಿಂದೊಮ್ಮೆ ಕಾದ ಮರಳಿಗೆ ಸಿಕ್ಕಿ
ಗೆರೆಗಳೆಲ್ಲ ಅಳಿಸಿಹೋಗಿವೆ.
ರೇಷನ್ ಅಂಗಡಿಯ ಯಂತ್ರಕ್ಕೂ
ಆ ಬೆರಳು ನಾನಲ್ಲ.

ಮೊದಲು ಬರೆದದ್ದು
ಮೆತ್ತಗಾದ ಮಂಡಕ್ಕಿಯನ್ನು ಮತ್ತೆ ಗರಿಗರಿ ಮಾಡುವ ಬಗೆ.
ಹೇಳಲಿಕ್ಕಿದ್ದದ್ದು ಎರಡೇ ಸಾಲು:
ಬಿಸಿ ಬಾಣಲೆ, ಸಣ್ಣ ಉರಿ,
ಕೈ ಬಿಡದೆ ಆಡಿಸಿ.
ಆರುನೂರು ಪದವಾದರೂ ಬೇಕು ಎಂದ
ಜೆರಾಕ್ಸ್ ಅಂಗಡಿಯ ಕೊಟ್ರೇಶಿ,
ಸಾಲದಿದ್ದರೆ ಜಾಹೀರಾತು ಕೂರುವುದಿಲ್ಲವಂತೆ.
ಉಬ್ಬಿಸುವುದನ್ನು ನನಗೆ ಹೇಳಿಕೊಡಬೇಕೆ?
ಉಪ್ಪುನೀರು ಸೋಕಿಸಿ, ಒಂದು ರಾತ್ರಿ ಇಟ್ಟು,
ಮರಳಿಗೆ ಸುರಿದೆ.
ಎರಡು ಸಾಲು ಒಂದು ಚೀಲವಾಯಿತು.
ತೂಕ ಮಾತ್ರ ಮೊದಲಿನಷ್ಟೇ.

ಹದಿನಾರು ಸಾವಿರ ಜನ ಓದಿದರು.
ಇಷ್ಟು ಮನೆಗಳಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆಂದು
ಮಂಡಕ್ಕಿ ಮಾರುವ ನಮಗೇ ಗೊತ್ತಿರಲಿಲ್ಲ.

ಆಮೇಲೊಂದು ರಾತ್ರಿ
ಯಾರೂ ಕೇಳದೇ ಇದ್ದದ್ದನ್ನು ಬರೆದೆ:
ಅಬ್ಬಾನ ಕೆಮ್ಮು.
ಟೈರ್ ಉರಿಸುತ್ತಿದ್ದ ಕಾಲದಲ್ಲಿ ಒಳಹೊಕ್ಕ ಹೊಗೆ
ಕೆಲಸ ಬಿಟ್ಟು ನಾಲ್ಕು ವರ್ಷವಾದರೂ
ಭಟ್ಟಿ ಹಚ್ಚುವ ಹೊತ್ತಿಗೆ, ನಸುಕಿನ ಮೂರಕ್ಕೆ,
ತಪ್ಪದೆ ಏಳುತ್ತದೆ.
ಕೆಮ್ಮಿನ ನಡುವೆ ಒಮ್ಮೊಮ್ಮೆ ನೆಲಕ್ಕೆ ಅಂಗೈ ಬಡಿಯುತ್ತಾರೆ
ಜರಡಿ ಬಡಿದ ಹಾಗೆ,
ಕಪ್ಪೆಲ್ಲ ಕೆಳಗುದುರಲಿ ಎಂಬ ಹಾಗೆ.
ಇದನ್ನು ಉಬ್ಬಿಸಲಿಲ್ಲ. ನೂರಾ ಎಂಬತ್ತು ಪದ.
ಓದಿದ್ದು ನಲವತ್ತೊಂದು ಸಲ,
ಅದರಲ್ಲಿ ನಾನೇ ಹದಿಮೂರು.

ಆದರೂ ಅದರ ಬುಡದಲ್ಲಿ, ಯಾರೂ ಕರೆಯದೆ,
ಕೆಮ್ಮಿನ ಔಷಧಿಯ ಬಾಟಲಿಯೊಂದು ಬಂದು ಕೂತಿತ್ತು.
ಪಕ್ಕದಲ್ಲಿ ನಗುವ ಅಪ್ಪ,
ಬಿಳಿ ಅಂಗಿ, ಬಿಳಿ ಗೋಡೆ.
ಯಾರೋ ಪುಣ್ಯಾತ್ಮರು ಅದನ್ನು ಒತ್ತಿದ್ದರು.
ಹದಿನಾಲ್ಕು ಸೆಂಟು.

"ನನ್ ಕೆಮ್ಮಿಗೆ ಎಷ್ಟು ಕೊಟ್ರು?" ಅಂದರು ಅಬ್ಬಾ.
"ಹನ್ನೆರಡು ರೂಪಾಯಿ."
ಅವರು ಗೋಡೆ ನೋಡುತ್ತ ಲೆಕ್ಕ ಹಾಕಿದರು.
"ಒಂದು ಕೆಮ್ಮಿಗಾ, ಒಂದು ದಿನದ್ದಕ್ಕಾ?"

ಮೊನ್ನೆ ಕಾಗದ ಬಂತು.
ಮೂಲೆ ನೆನೆದು, ಮೇಲೆ ನಾಲ್ಕು ಮುದ್ರೆ.
"ಶಬೀನಾ ತಾಜ್, ಹಳೇ ಟೈ!
ಯಾವ ಸಾಹೇಬನೋ ನಮ್ಮ ದಾವಣಗೆರೆಯಾಗೆ
ಒಂದು ಹೊಸ ಊರೇ ಹುಟ್ಸ್ಯಾನೆ" ಎಂದು
ತಿಪ್ಪೇಶಪ್ಪ ಓಣಿಗೆಲ್ಲ ಕೇಳುವಂತೆ ನಕ್ಕರು.
ನೀರು ಕುಡಿದು ಹೋದರು.

ಅಂಚು ಹರಿದು ನೋಡಿದೆ. ಆರು ಅಂಕಿ, ಅಷ್ಟೇ.
ಒಂದು ಸಾಲು ಚೆನ್ನಾಗಿದೆ ಎಂದಾದರೂ
ಬರೆದಿರಬಹುದೆಂದುಕೊಂಡಿದ್ದೆ.

ಮೂರು ಸಲ ತಪ್ಪಿದರೆ ಮುಚ್ಚಿಬಿಡುತ್ತಾರಂತೆ.
ನಿದ್ದೆ ಬಾರದೆ ಎದ್ದು ಕೂತು
ಎಡ ಹೆಬ್ಬೆರಳಿಂದ ಒಂದೊಂದೇ ಒತ್ತುತ್ತಿದ್ದೇನೆ.
ಮೂರು ಗಂಟೆ.
ಒಳಗೆ ಕೆಮ್ಮು ಎದ್ದಿತು, ಅಂಗೈ ನೆಲಕ್ಕೆ ಬಡಿಯಿತು.
ನಾಲ್ಕನೇ ಅಂಕಿಯ ಮೇಲೆ
ಬೆರಳು ಹಾಗೇ ನಿಂತಿದೆ.